ಲೈನ್ ಕರೆಂಟ್ ಇಲ್ಲದ ಮನೆಗೆ ಸೋಲಾರ್ ಸಾಕಾ, ಗಾಳಿಯಂತ್ರವೂ ಬೇಕಾ?

ಪ್ರಶ್ನೆ: ಸರ್, ನಾವು ಕಟ್ಟುತ್ತಿರುವ ಮನೆಗೆ ಕರೆಂಟ್ ಲೈನ್ ಬರುವುದಿಲ್ಲ. ಫ್ರಿಜ್, ಆರು ಎಲ್‌ಇಡಿ ಬಲ್ಬ್, ಎರಡು ಫ್ಯಾನ್, ಟಿವಿ, ಒಂದು ಎಚ್‌ಪಿ ಪಂಪು ಇವೆ. ಸೋಲಾರ್ ಜೊತೆಗೆ 1 ಕಿಲೋವ್ಯಾಟ್ ಗಾಳಿಯಂತ್ರವನ್ನು ತಾರಸಿ ಮೇಲೆ ಹಾಕಿಸಿದರೆ ರಾತ್ರಿಗೂ ಆಗುತ್ತೆ ಅಲ್ವಾ?

ಉತ್ತರ: ಮೊದಲು ಖರ್ಚಿನ ಲೆಕ್ಕ ಮಾಡೋಣ. ಫ್ರಿಜ್‌ಗೆ ದಿನಕ್ಕೆ ಸುಮಾರು 1 ಯೂನಿಟ್ ಇಟ್ಟುಕೊಳ್ಳಿ. 9 ವ್ಯಾಟ್‌ನ ಆರು ಬಲ್ಬ್ ಐದು ಗಂಟೆ ಉರಿದರೆ ಕಾಲು ಯೂನಿಟ್. ಫ್ಯಾನ್ 30 ವ್ಯಾಟ್‌ನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ ಮೋಟಾರಿನದ್ದು) ಆಗಿದ್ದರೆ ಎರಡೂ ಸೇರಿ ಹತ್ತು ಗಂಟೆಗೆ 0.6. ಪಂಪು ಅರ್ಧ ಗಂಟೆಗೆ ಅರ್ಧ, ಟಿವಿಗೆ ಕಾಲು. ಒಟ್ಟು 2.6 ಯೂನಿಟ್.

ಪ್ಯಾನೆಲ್ ಎಷ್ಟು ಬೇಕು ಅನ್ನೋದನ್ನು ವರ್ಷದ ಸರಾಸರಿ ಬಿಸಿಲು ನೋಡಿ ತೀರ್ಮಾನಿಸಬೇಡಿ, ತೀರಾ ಕಡಿಮೆ ಬಿಸಿಲಿರುವ ತಿಂಗಳನ್ನು ಹಿಡಿಯಿರಿ. ಆಗ ದಿನಕ್ಕೆ ಮೂರು ಗಂಟೆಯಷ್ಟು ಪೂರ್ತಿ ಬಿಸಿಲು ಸಿಗುತ್ತೆ, ಧೂಳು, ವೈರು, ಬ್ಯಾಟರಿಯಲ್ಲಿ ಶೇ. 30 ಹೋಗುತ್ತೆ ಅಂದುಕೊಂಡರೆ 1250 ವ್ಯಾಟ್ ಪ್ಯಾನೆಲ್ ಬೇಕು. ಎರಡು ದಿನ ಮೋಡ ಕವಿದರೂ ನಡೆಯಬೇಕಾದರೆ, ಬ್ಯಾಟರಿ ಪೂರ್ತಿ ಖಾಲಿಯಾಗದಂತೆ ಸ್ವಲ್ಪ ಉಳಿಸಿಕೊಂಡು, ಲಿಥಿಯಂ ಬ್ಯಾಟರಿ ಆರೂವರೆ ಯೂನಿಟ್‌ನದ್ದು ಬೇಕು. ಲೆಡ್ ಆಸಿಡ್ ಆದರೆ ಹತ್ತೂವರೆ, ಯಾಕಂದ್ರೆ ಅದನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡುತ್ತಾ ಹೋದರೆ ಬೇಗ ಹಾಳಾಗುತ್ತೆ. ಪಂಪು ಶುರುವಾಗುವಾಗ ಹಲವು ಪಟ್ಟು ಕರೆಂಟ್ ಎಳೆಯುತ್ತೆ, ಇನ್ವರ್ಟರ್ ಅದನ್ನು ತಡೆಯುವಂತಿರಲಿ. ಪಂಪನ್ನು ಮಧ್ಯಾಹ್ನವೇ ಓಡಿಸಿ ಟ್ಯಾಂಕ್ ತುಂಬಿಸಿಕೊಂಡರೆ ಬ್ಯಾಟರಿಗೂ ಭಾರ ಕಡಿಮೆ.

ಇನ್ನು ಗಾಳಿ. ತಾರಸಿ ಮೇಲಂತೂ ಬೇಡ. ಗೋಡೆಗೆ, ಮರಕ್ಕೆ ಬಡಿದ ಗಾಳಿ ಅಲ್ಲಿ ಸುತ್ತಿಕೊಂಡು ಬರುತ್ತೆ, ರೆಕ್ಕೆ ಒಂದೇ ಕಡೆ ಮುಖ ಮಾಡಿ ನಿಲ್ಲಲ್ಲ, ನಡುಕ ಪೂರ್ತಿ ಮನೆಗೆ ಇಳಿಯುತ್ತೆ. ಅದಕ್ಕಿಂತ ದೊಡ್ಡ ವಿಷಯ ಇದು: ಗಾಳಿಯ ವೇಗ ಅರ್ಧವಾದರೆ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಬೀಳುತ್ತೆ. ಲೇಬಲ್ ಮೇಲಿನ 1 ಕಿಲೋವ್ಯಾಟ್ ಸಾಮಾನ್ಯವಾಗಿ ಸೆಕೆಂಡಿಗೆ 11-12 ಮೀಟರ್ ಗಾಳಿಗೆ ಬರೆದದ್ದು. ಆರು ಮೀಟರ್ ಬೀಸಿದರೆ ಸಿಗೋದು 125 ವ್ಯಾಟ್ ಆಸುಪಾಸು. ಆರು ಮೀಟರ್ ಅಂದ್ರೆ ಸಣ್ಣ ಕೊಂಬೆಗಳು ಅಲುಗಾಡುವಷ್ಟು ಗಾಳಿ, ಅದೇನೂ ಕಡಿಮೆ ಅಲ್ಲ!

ಇನ್ನೊಬ್ಬ ಸದಸ್ಯರು: ನಮ್ಮಲ್ಲಿ ಮೋಡದ ತಿಂಗಳಲ್ಲೇ ಗಾಳಿ ಜೋರು. ಆಗಲೂ ಬೇಡವಾ? ಸೋಲಾರ್, ಗಾಳಿಯಂತ್ರ ಎರಡನ್ನೂ ಬ್ಯಾಟರಿ ಚಾರ್ಜ್ ಆಗೋದನ್ನು ನಿಯಂತ್ರಿಸುವ ಒಂದೇ ಕಂಟ್ರೋಲರ್‌ಗೆ ಕೊಡಬಹುದಾ?

ಉತ್ತರ: ನಿಮ್ಮಂಥ ಜಾಗಕ್ಕೇ ಗಾಳಿಯಂತ್ರ ಒಪ್ಪುವುದು, ಖಂಡಿತ ಯೋಚಿಸಿ. ಆದರೆ ಸುತ್ತ 300-500 ಅಡಿಯೊಳಗಿನ ಮರ, ಕಟ್ಟಡಗಳಿಗಿಂತ 30 ಅಡಿ ಹೆಚ್ಚು ಎತ್ತರದ ಕಂಬ ಬೇಕು, ಆ ಖರ್ಚನ್ನೂ ಸೇರಿಸಿಕೊಳ್ಳಿ.

ಸೋಲಾರ್ ಕಂಟ್ರೋಲರ್‌ಗೆ ಮಾತ್ರ ಅದನ್ನು ಜೋಡಿಸಲೇಬೇಡಿ. ಬ್ಯಾಟರಿ ತುಂಬಿದಾಗ ಪ್ಯಾನೆಲ್‌ನ ಸಂಪರ್ಕ ಕತ್ತರಿಸಿದರೆ ಅದು ಸುಮ್ನೆ ಇರುತ್ತೆ. ಗಾಳಿಯಂತ್ರ ಹಾಗಲ್ಲ, ಹೊರೆ ತಪ್ಪಿತೋ ಲಂಗುಲಗಾಮಿಲ್ಲದೆ ತಿರುಗಿ ರೆಕ್ಕೆ ಮುರಿಯಬಹುದು. ಹೆಚ್ಚಾದ ಕರೆಂಟನ್ನು ಹೀಟರ್ ಕಾಯಿಲ್‌ನಂಥ ಡಂಪ್ ಲೋಡ್‌ಗೆ ತಿರುಗಿಸುವ ಬೇರೆ ಕಂಟ್ರೋಲರೇ ಇರಬೇಕು, ಜೊತೆಗೆ ಬ್ರೇಕ್ ಸ್ವಿಚ್ಚೂ ಬೇಕು. ಬಿರುಗಾಳಿ ಏಳುವ ಮೊದಲೇ ಆ ಸ್ವಿಚ್ ಹಾಕಿಬಿಡಿ.

ಸದಸ್ಯರು: ಹಾಗಾದ್ರೆ ಈಗಲೇ ಕೊಳ್ಳಲಾ?

ಉತ್ತರ: ಈಗ ಸೋಲಾರ್ ಹಾಕಿಸಿ. ಕಂಬ ನಿಲ್ಲಿಸುವ ಜಾಗದಲ್ಲಿ, ಆದಷ್ಟೂ ಅದೇ ಎತ್ತರದಲ್ಲಿ ಗಾಳಿ ಅಳೆಯುವ ಮೀಟರ್ ಕಟ್ಟಿ ಒಂದು ವರ್ಷ ಬರೆದಿಡಿ. ಅಳತೆ ಕೈಗೆ ಬಂದಾಗ ಇಲ್ಲೇ ಹಾಕಿ, ಯಾವ ಅಳತೆಯ ಯಂತ್ರ ಸರಿಹೋಗುತ್ತೆ ಅಂತ ಕೂತು ನೋಡೋಣ.