ಪದಚರ್ಚೆ: ಬಾಕ್ಸಿಂಗ್‌ನ ‘ಸ್ಪ್ಲಿಟ್ ಡಿಸಿಷನ್’ ಕನ್ನಡದಲ್ಲಿ ಏನು?

ಮಾನ್ಯರೇ,

ವಿವಾದಕ್ಕೆ ಗುರಿಯಾದ ಬಾಕ್ಸಿಂಗ್ ಪಂದ್ಯಗಳ ಸಾಕ್ಷ್ಯಚಿತ್ರವೊಂದಕ್ಕೆ ಕನ್ನಡ ನಿರೂಪಣೆ ಬರೆಯುತ್ತಿದ್ದೇನೆ. ನಾಡಿದ್ದು ಧ್ವನಿಮುದ್ರಣವಿದೆ, ನಾನಿನ್ನೂ ಮೂರು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಮೂವರು ತೀರ್ಪುಗಾರರೂ ಒಬ್ಬನನ್ನೇ ಗೆಲ್ಲಿಸಿದರೆ ಅದು ಯುನಾನಿಮಸ್. ಇಬ್ಬರು ಒಬ್ಬನನ್ನು ಗೆಲ್ಲಿಸಿ, ಮೂರನೆಯವರ ಲೆಕ್ಕದಲ್ಲಿ ಪಂದ್ಯ ಸಮವಾಗಿದ್ದರೆ ಮೆಜಾರಿಟಿ. ಮೂರನೆಯವರು ಎದುರಾಳಿಯನ್ನೇ ಗೆಲ್ಲಿಸಿದ್ದರೆ ಸ್ಪ್ಲಿಟ್.

ಮೊದಲನೆಯದಕ್ಕೆ ‘ಒಮ್ಮತದ ತೀರ್ಪು’ ಎಂದು ಕಣ್ಣುಮುಚ್ಚಿ ಬರೆದೆ. ತೊಡಕಿರುವುದು ಉಳಿದೆರಡರಲ್ಲಿ. ‘ಬಹುಮತದ ತೀರ್ಪು’ ಎಂದೊಡನೆ, ನ್ಯಾಯಾಲಯದ ವರದಿಗಳನ್ನು ಓದಿ ರೂಢಿಯಾದವರ ಕಿವಿಗೆ ಇಬ್ಬರು ಒಂದು ಕಡೆ, ಒಬ್ಬರು ಅದರ ವಿರುದ್ಧ ಎಂದೇ ಕೇಳಿಸುತ್ತದೆ. ಬಾಕ್ಸಿಂಗ್‌ನಲ್ಲಿ ಅದು ಸ್ಪ್ಲಿಟ್ ಆಗುತ್ತದೆಯೇ ಹೊರತು ಮೆಜಾರಿಟಿ ಆಗುವುದಿಲ್ಲ. ‘ಭಿನ್ನ ತೀರ್ಪು’ ಎನ್ನೋಣವೆಂದರೆ, ಇಬ್ಬರೇ ಇರುವ ಪೀಠದಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿ, ಮೊಕದ್ದಮೆ ವಿಸ್ತೃತ ಪೀಠಕ್ಕೆ ಹೋದಾಗ ಪತ್ರಿಕೆಗಳು ಆ ಮಾತನ್ನು ಬಳಸುತ್ತವೆ. ಅಲ್ಲಿ ಇತ್ಯರ್ಥವಾಗಿರುವುದಿಲ್ಲ, ಇಲ್ಲಿ ಇತ್ಯರ್ಥವಾಗಿ, ಗೆದ್ದವನ ಸೊಂಟಕ್ಕೆ ಬೆಲ್ಟ್ ಕಟ್ಟಿಯೂ ಆಗಿರುತ್ತದೆ.

ಪದ ಒಂದೇ ಉಸಿರಿನಲ್ಲಿ ಹೇಳುವಂತಿರಬೇಕು, ಏಕೆಂದರೆ ಗೆದ್ದವನ ಹೆಸರಿಗೆ ಮೊದಲು ಉದ್ಘೋಷಕ ಹೇಳುವುದು ಅದನ್ನೇ. 2012ರ ಜೂನ್‌ನಲ್ಲಿ ನಡೆದ ಪ್ಯಾಕಿಯಾವೊ–ಬ್ರಾಡ್ಲಿ ಪಂದ್ಯದಲ್ಲಿ ಮೂವರೂ ಬರೆದದ್ದು 115-113 ಎಂದೇ. ಒಬ್ಬರು ಪ್ಯಾಕಿಯಾವೊಗೆ, ಇಬ್ಬರು ಬ್ರಾಡ್ಲಿಗೆ. ಆ ದೃಶ್ಯದ ಮೇಲೆ ಇಡಲು ನನಗೊಂದು ಪದ ಬೇಕು.

ಉತ್ತರ – 1

‘ಒಮ್ಮತ’ವೇ ಸಲ್ಲದು. ‘ಒಂದು’ ನಮ್ಮದು, ‘ಮತ’ ಸಂಸ್ಕೃತದ್ದು; ಅರಿಸಮಾಸವನ್ನು ಕಣ್ಣುಮುಚ್ಚಿ ಬರೆದೆನೆಂದು ತಾವೇ ಒಪ್ಪಿಕೊಂಡಿರುವುದರಿಂದ ಹೆಚ್ಚು ಹೇಳುವುದಿಲ್ಲ. ಯುನಾನಿಮಸ್‌ಗೆ ‘ಒಕ್ಕೊರಲ ತೀರ್ಪು’, ಮೆಜಾರಿಟಿಗೆ ‘ಹೆಚ್ಚುಪಾಲಿನ ತೀರ್ಪು’, ಸ್ಪ್ಲಿಟ್‌ಗೆ ‘ಒಡಕು ತೀರ್ಪು’ ಎಂದು ಬರೆಯಿರಿ. ಬಾಕ್ಸಿಂಗ್ ಎಂಬುದನ್ನೂ ಬಿಟ್ಟು ‘ಗುದ್ದಾಟ’ ಎನ್ನಿ. ಇದರಲ್ಲಿ ಚರ್ಚಿಸುವಂಥದ್ದು ನನಗೇನೂ ಕಾಣುತ್ತಿಲ್ಲ.

ಉತ್ತರ – 2

ಚರ್ಚಿಸುವಂಥದ್ದು ಬೇಕಾದಷ್ಟಿದೆ. ‘ಒಕ್ಕೊರಲು’ ಅಚ್ಚಗನ್ನಡವೆಂಬುದು ನಿಜ, ಆದರೆ ತೀರ್ಪುಗಾರರು ಕೊರಳೆತ್ತುವುದೇ ಇಲ್ಲ. ಅವರು ಅಖಾಡದ ಬೇರೆ ಬೇರೆ ಬದಿಗಳಲ್ಲಿ ಕುಳಿತು, ಪರಸ್ಪರ ಸಮಾಲೋಚಿಸದೆ, ಸುತ್ತು ಮುಗಿದೊಡನೆ ಅಂಕ ಬರೆಯುವವರು. ಇನ್ನು ‘ಒಡಕು ತೀರ್ಪು’ ಮಾತಿನ ಹುಟ್ಟನ್ನೇ ಮರೆತ ಪ್ರಯೋಗ. ಹಳಗನ್ನಡದ ‘ತೀರ್’ ಧಾತುವಿಗೆ ‘ಪು’ ಸೇರಿ ತೀರ್ಪು ಆಗಿದೆ, ನೆನೆಗೆ ನೆನಪು, ಹೊಳೆಗೆ ಹೊಳಪು ಆದಂತೆ. ಯಾವುದರಿಂದ ವ್ಯಾಜ್ಯ ತೀರಿತೋ ಅದು ತೀರ್ಪು. ತೀರಿದ ಮೇಲೆ ಅದು ಒಂದೇ ಆಗಿರಬೇಕು, ಒಡೆದಿದ್ದರೆ ತೀರಿಲ್ಲವೆಂದೇ ಅರ್ಥ. ಆದ್ದರಿಂದ ಒಡೆಯುವುದು ತೀರ್ಪಲ್ಲ, ತೀರ್ಪಿಗೆ ಆಧಾರವಾದದ್ದು.

ಆ ಆಧಾರವನ್ನು ‘ಮತ’ ಎಂದರೂ ತಪ್ಪಾಗುತ್ತದೆ, ಏಕೆಂದರೆ ತೀರ್ಪುಗಾರ ಕೊನೆಯಲ್ಲಿ ಕೈಯೆತ್ತಿ ಮತ ಹಾಕುವುದಿಲ್ಲ. ಸುತ್ತು ಗೆದ್ದವನಿಗೆ 10, ಸೋತವನಿಗೆ 9, ಸೋತವನು ನೆಲಕ್ಕೆ ಬಿದ್ದಿದ್ದರೆ ಸಾಮಾನ್ಯವಾಗಿ 8 ಎಂದು ಬರೆದುಕೊಂಡು ಹೋಗುತ್ತಾನೆ. 12 ಸುತ್ತುಗಳಲ್ಲಿ ಒಬ್ಬ ಏಳನ್ನು ಗೆದ್ದು, ಸೋತ ಐದರಲ್ಲಿ ಎರಡು ಬಾರಿ ಬಿದ್ದನೆಂದುಕೊಳ್ಳಿ. ಅವನಿಗೆ 70, 27, 16 ಸೇರಿ 113. ಎದುರಾಳಿಗೆ 50, 63 ಸೇರಿ 113. ಹೆಚ್ಚು ಸುತ್ತುಗಳಲ್ಲಿ ಮೇಲುಗೈ ಯಾರದೆಂದು ಕೇಳಿದರೆ ಆ ತೀರ್ಪುಗಾರ ಒಬ್ಬನ ಹೆಸರು ಹೇಳುತ್ತಾನೆ, ಆದರೆ ಅವನ ಚೀಟಿ ಸಮವೆನ್ನುತ್ತದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೇರಿ ಕೋಮ್ ಮೂರರಲ್ಲಿ ಎರಡು ಸುತ್ತುಗಳಲ್ಲಿ ಐವರ ಪೈಕಿ ಮೂವರನ್ನು ಒಲಿಸಿಕೊಂಡರೂ, ಮೊದಲ ಸುತ್ತನ್ನು ನಾಲ್ವರು ಎದುರಾಳಿಗೆ ಕೊಟ್ಟಿದ್ದರಿಂದ ಒಟ್ಟಿನಲ್ಲಿ 3-2ರಿಂದ ಸೋತದ್ದು ಇದೇ ರೀತಿಯಲ್ಲಿ. ಇಲ್ಲಿ ನಿರ್ಣಾಯಕವಾದದ್ದು ಎಣಿಕೆ. ಆದ್ದರಿಂದ ಸ್ಪ್ಲಿಟ್‌ಗೆ ‘ಒಡೆದ ಎಣಿಕೆಯ ಗೆಲುವು’ ಎನ್ನುವುದು ಸೂಕ್ತ. ‘ಗುದ್ದಾಟ’ದ ಬಗ್ಗೆ ಒಂದೇ ಮಾತು: ಪತ್ರಿಕೆಗಳಲ್ಲಿ ಗುದ್ದಾಟ ನಡೆಯುವುದು ರಾಜಕೀಯ ಪಕ್ಷಗಳ ಒಳಗೆ, ‘ಗುದ್ದಾಟದಲ್ಲಿ ಒಡಕು’ ಎಂದರೆ ಪಕ್ಷ ಒಡೆಯಿತೆಂದೇ ಜನ ತಿಳಿದಾರು.

ಉತ್ತರ – 3 (ಮೊದಲು ಉತ್ತರಿಸಿದವರಿಂದಲೇ)

ವ್ಯುತ್ಪತ್ತಿಯ ಪಾಠಕ್ಕೆ ಧನ್ಯವಾದ. ತೀರ್ ಧಾತುವನ್ನು ನಾವೂ ಬಲ್ಲೆವು. ಆದರೆ ಅಖಾಡದಲ್ಲಿ ‘ಎಣಿಕೆ’ಗೆ ಬೇರೆ ಕೆಲಸವಿದೆ ಎಂಬುದು ತಮ್ಮ ಗಮನಕ್ಕೆ ಬರಲಿಲ್ಲ. ಬಿದ್ದವನೆದುರು ನಿಂತು ರೆಫರಿ ಹತ್ತರವರೆಗೆ ಹೇಳುವುದು ಎಣಿಕೆ. ‘ಒಡೆದ ಎಣಿಕೆ’ ಎಂದರೆ ಆರಕ್ಕೋ ಏಳಕ್ಕೋ ನಿಂತ ಎಣಿಕೆ ಎಂದಾಗುತ್ತದೆ. ಅದಕ್ಕಿಂತ ದೊಡ್ಡ ತಪ್ಪೂ ಇದೆ. 1988ರ ಸೋಲ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ರಾಯ್ ಜೋನ್ಸ್ ಅವರನ್ನು 3-2ರಿಂದ ಸೋಲಿಸಿದ ಮೇಲೆ ಎದ್ದ ಗಲಭೆಯ ಫಲವಾಗಿ, 1992ರಿಂದ 2012ರವರೆಗಿನ ಒಲಿಂಪಿಕ್ಸ್‌ಗಳಲ್ಲಿ ತೀರ್ಪುಗಾರರು ಗುಂಡಿ ಒತ್ತಿ ಏಟುಗಳನ್ನೇ ಎಣಿಸುತ್ತಿದ್ದರು. ಐವರಲ್ಲಿ ಮೂವರು ಹೆಚ್ಚುಕಡಿಮೆ ಒಂದೇ ಕ್ಷಣದಲ್ಲಿ ಒತ್ತಿದರಷ್ಟೇ ಅಂಕ ಸಿಗುತ್ತಿತ್ತು. ಆ ಪದ್ಧತಿಯನ್ನು ಕೈಬಿಟ್ಟು ಹತ್ತು ಅಂಕದ ಪದ್ಧತಿಗೆ ಬಂದದ್ದು 2013ರಲ್ಲಿ. ಇಂದು ಏಟಿನ ಸಂಖ್ಯೆಯೊಂದೇ ಸುತ್ತನ್ನು ಗೆಲ್ಲಿಸುವುದಿಲ್ಲ. ಏಟಿನ ಗುಣ, ಫಲ ಕೊಟ್ಟ ಆಕ್ರಮಣ, ಅಖಾಡದ ಮೇಲಿನ ಹಿಡಿತ, ರಕ್ಷಣೆ ಇವನ್ನೆಲ್ಲ ತೂಗಬೇಕು. ‘ಎಣಿಕೆ’ ಎಂದು ಬರೆದರೆ, ಹೆಚ್ಚು ಏಟು ಹಾಕಿದವನು ಹೇಗೆ ಸೋತ ಎಂದು ಪ್ರತಿ ಪಂದ್ಯದ ನಂತರ ಕೂಗಾಡುವವರ ಕೈಗೆ ನಾವೇ ಕೋಲು ಕೊಟ್ಟಂತೆ.

ಉತ್ತರ – 4

ಹಿರಿಯರಿಬ್ಬರೂ ಮನ್ನಿಸಬೇಕು. ಎಲ್‌ಬಿಡಬ್ಲ್ಯೂವನ್ನು ಯಾರೂ ಕನ್ನಡಿಸಲಿಲ್ಲ, ಅದರಿಂದ ಕ್ರಿಕೆಟ್ ನೋಡುವ ಕನ್ನಡಿಗರಿಗೆ ನಷ್ಟವೂ ಆಗಲಿಲ್ಲ. ‘ಸ್ಪ್ಲಿಟ್ ಡಿಸಿಷನ್’ ಎಂದೇ ಬರೆದು, ಮೊದಲ ಬಾರಿ ಬಂದಾಗ ವಿವರಿಸಿದರೆ ಸಾಕು.

ಉತ್ತರ – 5 (ಎರಡನೆಯವರಿಂದ)

ಕನ್ನಡಿಸದೆ ಬಿಡುವುದಕ್ಕೆ ಪದಚರ್ಚೆ ಬೇಕಿಲ್ಲ. ಎಣಿಕೆಯ ಆಕ್ಷೇಪವನ್ನು ಮಾತ್ರ ಒಪ್ಪುತ್ತೇನೆ, ರೆಫರಿಯನ್ನು ನಾನು ಮರೆತಿದ್ದೆ. ಪ್ರಶ್ನೆ ಕೇಳಿದವರ ಪತ್ರವನ್ನು ಮತ್ತೊಮ್ಮೆ ಓದಿದಾಗ, ನಾವು ಹುಡುಕುತ್ತಿರುವುದನ್ನು ಅವರು ಅರಿವಿಲ್ಲದೆಯೇ ಬರೆದಿರುವುದು ಕಂಡಿತು: ‘ಮೂರನೆಯವರ ಲೆಕ್ಕದಲ್ಲಿ ಪಂದ್ಯ ಸಮ’. ‘ನನ್ನ ಲೆಕ್ಕದಲ್ಲಿ ಅವನೇ ಗೆದ್ದ’ ಎನ್ನುವಾಗ ನಾವು ಕೂಡಿ ಕಳೆದದ್ದನ್ನೂ ಹೇಳುತ್ತೇವೆ, ನಮಗೆ ತೋಚಿದ್ದನ್ನೂ ಹೇಳುತ್ತೇವೆ. ತೀರ್ಪುಗಾರನ ಚೀಟಿಯಲ್ಲಿ ಇವೆರಡೂ ಬೆರೆತೇ ಇರುತ್ತವೆ, ಮತದಲ್ಲಿ ಮೊತ್ತವಿಲ್ಲ, ಎಣಿಕೆಯಲ್ಲಿ ಅಭಿಪ್ರಾಯವಿಲ್ಲ. ಡ್ರಾ ಆದ ಪಂದ್ಯಕ್ಕೂ ಈ ಪದ ಒಗ್ಗುತ್ತದೆಯೇ ಎಂದು ನೋಡಿದೆ. 2017ರ ಅಲ್ವಾರೆಜ್–ಗೊಲೊವ್ಕಿನ್ ಪಂದ್ಯದಲ್ಲಿ ಒಬ್ಬರು ಅಲ್ವಾರೆಜ್‌ಗೆ 118-110, ಇನ್ನೊಬ್ಬರು ಗೊಲೊವ್ಕಿನ್‌ಗೆ 115-113, ಮತ್ತೊಬ್ಬರು 114-114 ಕೊಟ್ಟಿದ್ದರು. ‘ಒಡೆದ ಲೆಕ್ಕದ ಡ್ರಾ’ ಎಂದರೆ ಅದು ಸರಿಯಾಗಿ ಕೂರುತ್ತದೆ. ‘ಒಡಕು ತೀರ್ಪಿನ ಡ್ರಾ’ ಎಂದು ಬಾಯಿಬಿಟ್ಟು ಹೇಳಿ ನೋಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಋಣಿ. ಸ್ಪ್ಲಿಟ್‌ಗೆ ‘ಒಡೆದ ಲೆಕ್ಕದ ಗೆಲುವು’ ಎಂದು ಬರೆದು, ಬ್ರಾಡ್ಲಿಯ ದೃಶ್ಯದ ಮೇಲೆ ಗಟ್ಟಿಯಾಗಿ ಓದಿ ನೋಡಿದೆ. ಹೆಸರು ಬರುವುದಕ್ಕೆ ಮೊದಲೇ ಮುಗಿಯುತ್ತದೆ. ಯುನಾನಿಮಸ್‌ಗೆ ‘ಮೂವರ ಲೆಕ್ಕದಲ್ಲೂ ಗೆಲುವು’ ಎಂದಿದ್ದೇನೆ. ಮೆಜಾರಿಟಿಗೆ ಬರೆದ ‘ಇಬ್ಬರ ಲೆಕ್ಕದ ಗೆಲುವು’ ಮೂರನೆಯವರು ಏನೆಂದರೆಂಬುದನ್ನು ಹೇಳುವುದಿಲ್ಲವೆಂಬ ಕೊರಗು ಉಳಿದಿದೆ. ಆದರೆ ಆ ಮಾತು ಬರುವುದು 2013ರ ಮೇವೆದರ್–ಅಲ್ವಾರೆಜ್ ಪಂದ್ಯದ ದೃಶ್ಯದಲ್ಲಿ. ಮೂರನೆಯವರ 114-114 ಆ ಹೊತ್ತಿಗೆ ಪರದೆಯ ಮೇಲೆ ಕಾಣುತ್ತಿರುತ್ತದೆ. ಬಾಕ್ಸಿಂಗ್ ಬಾಕ್ಸಿಂಗ್ ಆಗಿಯೇ ಇರುತ್ತದೆ.

ಉತ್ತರ – 6 (ಮೊದಲನೆಯವರಿಂದ)

‘ಲೆಕ್ಕ’ ಸಂಸ್ಕೃತದ ‘ಲಿಖ್’ ಧಾತುವಿನ ಬಳಗದಿಂದ ಬಂದ ತದ್ಭವವೆಂಬುದನ್ನು ಇಲ್ಲಿ ಯಾರೂ ಗಮನಿಸಿದಂತೆ ತೋರುವುದಿಲ್ಲ.