ಇಂಟೀರಿಯರ್‌ನವರಿಗೆ ಅಡ್ವಾನ್ಸ್ ಕೊಡುವ ಮೊದಲು ಏನೆಲ್ಲ ಕೇಳಬೇಕು?

ಪ್ರಶ್ನೆ (ಬದಿಯಡ್ಕದ ಸದಸ್ಯೆ):
ಮೇಡಂ, ನೀವು ಇಂಟೀರಿಯರ್ ಕೆಲಸ ಮಾಡುವವರು ಅಂತ ಗೊತ್ತಾಯಿತು, ಅದಕ್ಕೆ ಇಲ್ಲೇ ಕೇಳುತ್ತಿದ್ದೇನೆ. ನಮ್ಮದು ಮಾವ ಕಟ್ಟಿಸಿದ ಮನೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ. ಮುಂದೆ ಚಾವಡಿಗೆ ಹಂಚಿನ ಮಾಡು. ಹಿಂದೆ ಅಡುಗೆಮನೆ ಮತ್ತು ಎರಡು ಕೋಣೆಗೆ ಆಮೇಲೆ ಹಾಕಿಸಿದ ಕಾಂಕ್ರೀಟ್ ತಾರಸಿ. ಮೇ ತಿಂಗಳಲ್ಲಿ ನಾದಿನಿಯ ಮದುವೆ ಉಂಟು. ಅದರೊಳಗೆ ಅಡುಗೆಮನೆ, ಎರಡು ವಾರ್ಡ್‌ರೋಬ್, ಟಿವಿ ಯೂನಿಟ್, ಚಾವಡಿಗೆ ಜಿಪ್ಸಂ ಸೀಲಿಂಗ್ ಆಗಬೇಕು. ಮಂಗಳೂರಿನ ಒಂದು ಸಂಸ್ಥೆಯವರು ಜನವರಿಯಲ್ಲಿ ಬಂದು ಅಳತೆ ತೆಗೆದು ತ್ರೀಡಿ ಚಿತ್ರ ಕಳಿಸಿದ್ದಾರೆ. ನೋಡಿದರೆ ನಮ್ಮ ಮನೆ ಹೌದಾ ಅಂತ ಸಂಶಯ ಬರಬೇಕು, ಅಷ್ಟು ಚಂದ. ಕೊಟೇಷನ್ 6 ಲಕ್ಷ, ‘ಟ್ಯಾಕ್ಸ್ ಬೇರೆ’ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿದೆ. ಬುಕ್ಕಿಂಗಿಗೆ 10%, ಡಿಸೈನ್ ಒಪ್ಪಿದಾಗ 50%, ಫ್ಯಾಕ್ಟರಿಯಿಂದ ಸಾಮಾನು ಹೊರಡುವ ಮೊದಲು 40% ಕೊಡಬೇಕಂತೆ. 45 ದಿನದ ಕೆಲಸ, 10 ವರ್ಷ ವಾರಂಟಿ ಅನ್ನುತ್ತಾರೆ. ಯಜಮಾನರು ದುಬೈಯಲ್ಲಿ, ಇಲ್ಲಿ ನಾನು ಮತ್ತು ಅತ್ತೆ ಮಾತ್ರ. ಒಪ್ಪಿಕೊಳ್ಳಬಹುದಾ?

ಉತ್ತರ:
ಕೊಟೇಷನ್ ಬದಲಾಯಿಸಿ ಕೊಟ್ಟರೆ ಒಪ್ಪಿಕೊಳ್ಳಿ ಅಕ್ಕಾ. ನೀವು ಹಾಕಿದ ಫೋಟೋದಲ್ಲಿ ‘ವಾರ್ಡ್‌ರೋಬ್, ಪ್ರೀಮಿಯಂ ಪ್ಲೈ, ಲ್ಯಾಮಿನೇಟ್ ಫಿನಿಶ್’ ಅಂತ ಮಾತ್ರ ಕಾಣುತ್ತದೆ. ಪ್ರೀಮಿಯಂ ಅನ್ನುವ ದರ್ಜೆ ಪ್ಲೈವುಡ್ಡಿನಲ್ಲಿ ಇಲ್ಲವೇ ಇಲ್ಲ. ಐಎಸ್ ಅಂದರೆ ಸರಕಾರದ ಗುಣಮಟ್ಟದ ನಂಬರ್, ಅದರ 303ರಲ್ಲಿ ಎಂಆರ್ ಅಂತ ಒಂದು ದರ್ಜೆ ಬರುತ್ತದೆ, ಅಂಗಡಿಯವರು ಕಮರ್ಷಿಯಲ್ ಅನ್ನುವುದು ಅದನ್ನೇ. ಗಾಳಿಯ ತೇವ ತಡೆಯುತ್ತದೆ, ನೀರು ತಡೆಯುವುದಿಲ್ಲ. ಅದೇ 303ರಲ್ಲಿ ಬಿಡಬ್ಲ್ಯೂಆರ್ ದರ್ಜೆ ನೀರಿಗೆ ಸ್ವಲ್ಪ ಹೆಚ್ಚು ತಾಳುತ್ತದೆ. ಐಎಸ್ 710 ಅಂದರೆ ಮೆರೈನ್, ಅದರ ತುಂಡನ್ನು 72 ಗಂಟೆ ನೀರಿನಲ್ಲಿ ಕುದಿಸಿದರೂ ಅಂಟು ಬಿಡಬಾರದು. ನಿಮ್ಮ ಅಡುಗೆಮನೆಯ ಕೆಳಗಿನ ಕಬೋರ್ಡಿಗೆಲ್ಲ 710 ಇರಲಿ. ಒಳಗೋಡೆಗೆ ಬರುವ ವಾರ್ಡ್‌ರೋಬಿಗೆ ಬಿಡಬ್ಲ್ಯೂಆರ್ ಸಾಕು, ಸುಮ್ನೆ ಜಾಸ್ತಿ ಖರ್ಚು ಬೇಡ. ಪಾರ್ಟಿಕಲ್ ಬೋರ್ಡ್ ಮತ್ತು ಎಂಡಿಎಫ್ ನಮ್ಮ ಊರಿನ ಮಳೆಗೆ ಬೇಡವೇ ಬೇಡ, ಎಷ್ಟೇ ಅಗ್ಗಕ್ಕೆ ಕೊಡಲಿ.

ಹಾಗಾಗಿ ಪ್ರತಿ ಸಾಮಾನಿನ ಎದುರು ಕಂಪನಿ, ಐಎಸ್ ನಂಬರ್, ದಪ್ಪ, ಲ್ಯಾಮಿನೇಟ್ ಎಷ್ಟು ಎಂಎಂ, ಹಿಂಜ್ ಯಾವುದು, ಎಲ್ಲ ಬರೆಸಿ. ಸಾಮಾನ್ಯವಾಗಿ ಡಬ್ಬಕ್ಕೆ, ಅಂದರೆ ಕಬೋರ್ಡಿನ ಪೆಟ್ಟಿಗೆಗೆ, 18 ಎಂಎಂ ಹಾಕುತ್ತಾರೆ. ಹಿಂಬದಿಯ ಹಲಗೆಗೆ ಎಷ್ಟು ಅಂತ ಯಾರೂ ಕೇಳುವುದಿಲ್ಲ, ಉಳಿತಾಯ ನಡೆಯುವುದು ಅಲ್ಲೇ. ಪ್ಲೈವುಡ್ ಮೇಲೆ ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಅಂತ ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಅಸಲಿಯೋ ಅಲ್ಲವೋ ತಿಳಿಯುತ್ತದೆ.

ಚದರಡಿ ಲೆಕ್ಕವನ್ನೂ ಬಿಡಿಸಿ ಕೇಳಿ. 7 ಅಡಿ ಎತ್ತರ, 6 ಅಡಿ ಅಗಲದ ವಾರ್ಡ್‌ರೋಬ್ ಅಂದರೆ ಎದುರಿನಿಂದ 42 ಚದರಡಿ. ಮೇಲಿನ ಲಾಫ್ಟ್, ಡ್ರಾಯರ್, ಕನ್ನಡಿ ಅದರಲ್ಲಿ ಸೇರಿದೆಯಾ, ಬೇರೆಯಾ? ಇನ್ನು ಆ ಸಣ್ಣ ಅಕ್ಷರ. ಜಿಎಸ್‌ಟಿ 18% ಸೇರಿದರೆ ನಿಮ್ಮ 6 ಲಕ್ಷ 7,08,000 ಆಗುತ್ತದೆ. ಕರ್ನಾಟಕದ ಮಂಗಳೂರಿನವರು ಕೇರಳದ ಕಾಸರಗೋಡಿನ ಮನೆಗೆ ಕೆಲಸ ಮಾಡಿದರೆ ಬಿಲ್ಲಿನಲ್ಲಿ ಐಜಿಎಸ್‌ಟಿ (ಎರಡು ರಾಜ್ಯಗಳ ನಡುವಿನ ಜಿಎಸ್‌ಟಿ) ಅಂತ ಬರುತ್ತದೆ, ಅದಕ್ಕೆ ಗಾಬರಿ ಬೇಡ. ಅವರ ಜಿಎಸ್‌ಟಿ ನಂಬರ್ 29ರಿಂದ ಶುರುವಾದರೆ ಕರ್ನಾಟಕದ್ದು, 32 ಅಂದರೆ ಕೇರಳದ್ದು.

ಈಗ ಗೋಡೆಯ ವಿಷಯ. ನನಗೆ ಕೊಟೇಷನ್ನಿಗಿಂತ ಇದೇ ಹೆಚ್ಚು ಚಿಂತೆ. ಅವರು ಅಳತೆ ತೆಗೆದದ್ದು ಜನವರಿಯಲ್ಲಿ. ಜನವರಿಯಲ್ಲಿ ನಮ್ಮ ಕಡೆ ಯಾವ ಗೋಡೆ ಒದ್ದೆ ಇರುತ್ತದೆ ಹೇಳಿ? ಜುಲೈ-ಆಗಸ್ಟಿನ ಆಟಿ ಮಳೆಗೆ ಯಾವ ಗೋಡೆ ಬೆವರುತ್ತದೆ, ಯಾವ ಮೂಲೆಗೆ ಬೂಷ್ಟು ಬರುತ್ತದೆ ಅಂತ ಗೊತ್ತಿರುವುದು ನಿಮಗೆ ಮತ್ತು ಅತ್ತೆಗೆ. ಮುರಕಲ್ಲು ನೀರು ಹೀರುವ ಕಲ್ಲು. ಹೊರಗಿನ ಸಾರಣೆ ಬಿರುಕು ಬಿಟ್ಟಿದ್ದರೆ ಒಳಗೆ ಏನು ಪೇಂಟ್ ಬಳಿದರೂ ಪ್ರಯೋಜನ ಇಲ್ಲ. ಸೀಮೆಸುಣ್ಣ ಹಿಡಿದು ಆ ಜಾಗಗಳಿಗೆ ಗುರುತು ಹಾಕಿ ಅವರಿಗೆ ತೋರಿಸಿ. ಬಿಳಿ ಉಪ್ಪಿನಂಥ ಪುಡಿ, ಪೊರೆ ಏಳುವ ಪೇಂಟ್ ಕಂಡರೆ ಅದೂ ಗುರುತೇ. ಸಂಶಯ ಇದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಸುತ್ತಲೂ ಟೇಪ್ ಹಾಕಿ ಎರಡು ದಿನ ಬಿಡಿ. ಗೋಡೆಯ ಬದಿಗೆ ಹನಿ ಕೂತರೆ ನೀರು ಗೋಡೆಯೊಳಗಿಂದ ಬರುತ್ತಿದೆ ಅಂತ. ಏನೂ ಕಾಣದಿದ್ದರೂ ಗೋಡೆ ಒಳ್ಳೆಯದು ಅಂತ ತಿಳಿಯಬೇಡಿ, ಬೇಸಿಗೆಯ ಪರೀಕ್ಷೆ ಅದು. ಮಳೆಗಾಲದ ನೆನಪನ್ನೇ ನಂಬಿ.

ಪಡುದಿಕ್ಕಿನ ಹೊರಗೋಡೆಗೆ ವಾರ್ಡ್‌ರೋಬ್ ಬರುವುದಾದರೆ ಎದುರಿನ ಗೋಡೆಗೆ ಬದಲಾಯಿಸಲು ಹೇಳಿ. ಆಗುವುದೇ ಇಲ್ಲ ಅಂದರೆ ಮೊದಲು ಹೊರಗಿನ ಸಾರಣೆ ಸರಿಮಾಡಿಸಿ. ಕಬೋರ್ಡಿನ ಹಿಂದೆ ಗಾಳಿಯಾಡಲು ಒಂದು ಇಂಚು ಜಾಗ ಬಿಡಲಿ, ಹಿಂಬದಿಯ ಹಲಗೆಗೆ ಎರಡೂ ಕಡೆ ಲ್ಯಾಮಿನೇಟ್ ಇರಲಿ. ಅವರ ವಾರಂಟಿ ಕಾಗದ ತರಿಸಿ ಓದಿ. 10 ವರ್ಷ ಅಂತ ದೊಡ್ಡದಾಗಿ ಬರೆದು, ತೇವ ಮತ್ತು ಗೆದ್ದಲಿನಿಂದ ಆದದ್ದಕ್ಕೆ ಅನ್ವಯಿಸುವುದಿಲ್ಲ ಅಂತ ಒಳಗೆ ಬರೆದಿರುತ್ತಾರೆ. ನಮ್ಮಲ್ಲಿ ಕಬೋರ್ಡ್ ಹಾಳಾಗುವುದೇ ಆ ಎರಡರಿಂದ ಅಲ್ವಾ!

ಗೆದ್ದಲಿನ ಮದ್ದು ಕಬೋರ್ಡ್ ಕೂರಿಸುವ ಮೊದಲೇ ಆಗಬೇಕು. ಗೋಡೆ ಮತ್ತು ನೆಲ ಸೇರುವಲ್ಲಿ ತೂತು ಕೊರೆದು ಹಾಕುತ್ತಾರೆ. ಅಡುಗೆಮನೆ ಪಕ್ಕದಲ್ಲೇ ಬಾವಿ ಇದ್ದರೆ ಮೊದಲೇ ಹೇಳಿ, ಆ ಬದಿಗೆ ಹಾಕಿಸಬೇಡಿ. ಎಂಡೋಸಲ್ಫಾನ್ ಕೀಟನಾಶಕದ ಪಾಡು ಕಂಡ ಊರಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಚಾವಡಿಯ ಜಿಪ್ಸಂ ಸೀಲಿಂಗ್ ಬಿಟ್ಟುಬಿಡಿ. ಒಂದು ಹಂಚು ಜಾರಿದರೆ ಸಾಕು, ನೀರು ಬಿದ್ದು ಕಂದು ಕಲೆ. ಇಲಿ, ಬೆಕ್ಕು ಓಡಾಡುವ ಜಾಗ ಬೇರೆ. ಹಂಚು ಹೊರುವ ಮರದ ಪಕ್ಕಾಸು, ರೀಪು ಗಟ್ಟಿ ಇದ್ದರೆ ಉಜ್ಜಿ ಪಾಲಿಶ್ ಮಾಡಿಸಿ ಹಾಗೇ ಕಾಣಲಿ. ದುಡ್ಡೂ ಉಳಿಯುತ್ತದೆ, ಚಂದವೂ ಅದೇ.

ಹಣದ ಕಂತು ಹೀಗೆ ಕೇಳಿ ನೋಡಿ. 10% ಡಿಸೈನಿಗೆ. 40% ಅಂತಿಮ ಡ್ರಾಯಿಂಗಿಗೂ ಸಾಮಾನಿನ ಪಟ್ಟಿಗೂ ಇಬ್ಬರ ಸಹಿ ಬಿದ್ದ ಮೇಲೆ. 40% ಸಾಮಾನು ನಿಮ್ಮ ಜಗಲಿಗೆ ಬಂದು, ನೀವು ಪಟ್ಟಿ ಹಿಡಿದು ನೋಡಿದ ಮೇಲೆ. ಉಳಿದ 10% ಫಿಟ್ಟಿಂಗ್ ಮುಗಿದು, ಬಾಗಿಲು, ಡ್ರಾಯರ್ ಎಲ್ಲ ತೆರೆದು ಮುಚ್ಚಿ ನೋಡಿದ ಮೇಲೆ. ಈಗ ಅವರು ಹೇಳಿದ ಲೆಕ್ಕದಲ್ಲಿ ಮರಗೆಲಸದ ಆಚಾರಿ ನಿಮ್ಮ ಮನೆಗೆ ಕಾಲಿಡುವ ಮೊದಲೇ ಪೂರ್ತಿ ಹಣ ಹೋಗಿರುತ್ತದೆ. ನಾನೂ ಇದೇ ವೃತ್ತಿಯವಳು, ಫ್ಯಾಕ್ಟರಿಗೆ ಮುಂಗಡ ಕಟ್ಟುವ ಕಷ್ಟ ಗೊತ್ತು. ಆದರೂ ಕೊನೆಯ ಕಂತು ಗಿರಾಕಿಯ ಕೈಯಲ್ಲಿ ಇರಲೇಬೇಕು.

45 ದಿನ ಅನ್ನುವುದು ಯಾವತ್ತಿನಿಂದ ಅಂತ ಬರೆಸಿ. ಹಳೇ ಸ್ಲ್ಯಾಬ್ ಒಡೆಯುವುದು, ಪೈಪು, ವಯರಿಂಗ್, ಟೈಲ್ಸ್ ಆ ಲೆಕ್ಕದಲ್ಲಿ ಬರುವುದಿಲ್ಲ. ಟೈಲ್ಸ್ ಆದ ಮೇಲೆ ಅವರು ಮತ್ತೊಮ್ಮೆ ಅಳತೆ ತೆಗೆಯಬೇಕು. ಹಳೇ ಮುರಕಲ್ಲಿನ ಗೋಡೆ ಎಲ್ಲೂ ನೇರ ಇರುವುದಿಲ್ಲ, ಫ್ಯಾಕ್ಟರಿಯ ಡಬ್ಬ ನೇರ ಇರುತ್ತದೆ. ಮಧ್ಯದ ಸಂದಿನಲ್ಲಿ ಜಿರಳೆ ಸಂಸಾರ ಹೂಡುತ್ತದೆ. ಮದುವೆ ಮೇ ತಿಂಗಳಲ್ಲಿ ಅಂದರೆ ಏಪ್ರಿಲ್ ಕೊನೆಗೆ ಮುಗಿಯಬೇಕು. ಏನೇ ತಡವಾದರೂ ಹೊರಗೋಡೆಯ ಕೆಲಸ ಮೇ 24ರ ಹೊತ್ತಿಗೆ ಬರುವ ಪತ್ತನಾಜೆ ದಾಟಬಾರದು, ಆಮೇಲೆ ಮಳೆ.

ಪ್ರಶ್ನೆ (ಅದೇ ಸದಸ್ಯೆ):
ತುಂಬಾ ಉಪಕಾರ ಮೇಡಂ. ಇನ್ನೊಂದು. ಹಳೇ ಬಾಗಿಲು, ಕಪಾಟೆಲ್ಲ ಅವರೇ ಕೊಂಡುಹೋಗುತ್ತಾರಂತೆ, ಅದಕ್ಕೆ ಚಾರ್ಜ್ ಇಲ್ಲವಂತೆ. ಮತ್ತೆ ಅತ್ತೆಗೆ ಕಡೆಯುವ ಕಲ್ಲು ಅಡುಗೆಮನೆಯಲ್ಲೇ ಬೇಕು. ಚಿತ್ರದಲ್ಲಿ ಅದಕ್ಕೆ ಜಾಗವೇ ಇಲ್ಲ.

ಉತ್ತರ:
ಕಪಾಟು ಯಾವ ಮರದ್ದು? ಹಲಸು, ಸಾಗುವಾನಿ ಆಗಿದ್ದರೆ ಚಾರ್ಜ್ ಅವರೇ ನಿಮಗೆ ಕೊಡಬೇಕು! ಬಿಚ್ಚಿದ ಮರ ಮನೆಯವರದ್ದು ಅಂತ ಕರಾರಿನಲ್ಲಿ ಬರೆಸಿ. ಕರಾರು ಕನ್ನಡದಲ್ಲಿದ್ದರೂ ಊರ್ಜಿತವೇ, ಓದಲು ಬಾರದ ಭಾಷೆಯ ಕಾಗದಕ್ಕೆ ಅತ್ತೆಯ ಸಹಿ ಹಾಕಿಸಬೇಡಿ.

ಕಡೆಯುವ ಕಲ್ಲಿಗೆ ಅಡುಗೆಮನೆಗೆ ಅಂಟಿದ ಹಿಂದಿನ ವರ್ಕ್ ಏರಿಯಾದಲ್ಲಿ ಜಾಗ ಮಾಡಿಸಿ, ಅತ್ತೆಯನ್ನೇ ನಿಲ್ಲಿಸಿ ಎತ್ತರ ನೋಡಿ. ಕೌಂಟರಿಗೂ ಹಾಗೇ. 34 ಇಂಚು ಅಂತ ಕಣ್ಣುಮುಚ್ಚಿ ಬರೆಯುತ್ತಾರೆ, 5 ಅಡಿ ಎತ್ತರದವರಿಗೆ 32 ಹಿತ. ಕಬೋರ್ಡಿಗೆ 4 ಇಂಚಿನ ಕಾಲು ಇರಲಿ, ನೆಲ ತೊಳೆದ ನೀರು ಪ್ಲೈಗೆ ತಾಗಬಾರದು. ಗ್ಯಾಸ್ ಸಿಲಿಂಡರ್ ಒಳಗಿಡುವುದಾದರೆ ಗಾಳಿಯ ತೂತು ಬುಡದಲ್ಲೇ ಬೇಕು, ಸೋರಿದ ಗ್ಯಾಸ್ ಕೆಳಗೆ ಕೂರುತ್ತದೆ.

ಪ್ರಶ್ನೆ (ಉಪ್ಪಳದ ಸದಸ್ಯರು):
ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಕಬೋರ್ಡಿಗೆ ಒಂದೇ ಮಳೆಗಾಲದಲ್ಲಿ ಬೂಷ್ಟು ಬಂದು ಬಾಗಿಲು ಉಬ್ಬಿತು. ಕೆಲಸ ಮಾಡಿದವರು ಫೋನ್ ಎತ್ತುವುದಿಲ್ಲ. ಅವರು ಕರ್ನಾಟಕದವರು, ನಾವು ಕೇರಳದವರು. ದೂರು ಕೊಡುವುದು ಎಲ್ಲಿ?

ಉತ್ತರ:
ಕಾಸರಗೋಡಿನಲ್ಲೇ ಕೊಡಬಹುದು ಅಣ್ಣಾ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ಇರುವ ಜಿಲ್ಲೆಯ ಆಯೋಗಕ್ಕೆ ಹೋಗಬಹುದು, ಸಂಸ್ಥೆ ತಲಪಾಡಿ ಗಡಿಯ ಆಚೆ ಇದ್ದರೂ ಸರಿ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ಜಿಲ್ಲಾ ಆಯೋಗ 50 ಲಕ್ಷದವರೆಗೆ ನೋಡುತ್ತದೆ. ತೊಂದರೆ ಶುರುವಾಗಿ 2 ವರ್ಷದೊಳಗೆ ಹಾಕಬೇಕು. ಅದಕ್ಕೆ ಮೊದಲು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ನೋಟಿಸ್ ಕಳಿಸಿ. ಬಿಲ್, ಬ್ಯಾಂಕಿನಿಂದ ಹಣ ಹೋದ ದಾಖಲೆ, ವಾಟ್ಸ್ಆ್ಯಪ್ ಮಾತುಕತೆ, ಫೋಟೋ ಎಲ್ಲ ಜೋಪಾನ ಮಾಡಿ. ಹಾಳಾದ ಬಾಗಿಲು ಬಿಸಾಡಬೇಡಿ, ಸಾಕ್ಷಿ ಅದೇ.

ಅಭಿಪ್ರಾಯ (ಕುಂಬಳೆಯ ಸದಸ್ಯರು):
ನಮ್ಮದು ಆಚಾರಿ ಮನೆತನ. ಅಜ್ಜ ಮಾಡಿದ ಹಲಸಿನ ಪೆಟ್ಟಿಗೆ ಈಗಲೂ ಗಟ್ಟಿಮುಟ್ಟು ಉಂಟು. ಈ ಪ್ಲೈವುಡ್ ಮಾತೆಲ್ಲ ಯಾಕೆ ಮಾರಾಯ್ರೆ? ಊರಿನ ಆಚಾರಿಯ ಕೈಲಿ ಮಾಡಿಸಿ.

ಉತ್ತರ:
ವಾರ್ಡ್‌ರೋಬಿಗೆ ನಿಮ್ಮ ಮಾತು ಒಪ್ಪುತ್ತೇನೆ. ಮನೆಯಲ್ಲಿ ಒಣಗಿದ ಮರ ಇದ್ದರೆ ಖಂಡಿತ ಆಚಾರಿಗೇ ಕೊಡಿ. ಹಸಿ ಮರ ಆದರೆ ಬೇಸಿಗೆಯಲ್ಲಿ ಬಾಗುತ್ತದೆ. ಅಡುಗೆಮನೆಯ ಡ್ರಾಯರ್, ಅದು ಜಾರುವ ಚಾನಲ್ ಕೆಲಸಕ್ಕೆ ಮಾತ್ರ ಫ್ಯಾಕ್ಟರಿಯ ಅಳತೆ ಚಂದ. ಅರ್ಧ ಅವರಿಗೆ, ಅರ್ಧ ಇವರಿಗೆ ಕೊಟ್ಟರೂ ತಪ್ಪಿಲ್ಲ.

ಪ್ರಶ್ನೆ (ಶಾರ್ಜಾದಿಂದ, ಊರು ಪೆರ್ಲ):
ಮೇಡಂ, ನಮ್ಮಂಥವರು ದೂರದಿಂದ ಕೆಲಸ ನೋಡಿಕೊಳ್ಳುವುದು ಹೇಗೆ? ದಿನಾ ಫೋಟೋ ಕಳಿಸುತ್ತಾರೆ, ಎಲ್ಲ ಚಂದವೇ ಕಾಣುತ್ತದೆ.

ಉತ್ತರ:
ಚಂದದ ಫೋಟೋ ಬೇಡ ಅನ್ನಿ. ಮುಚ್ಚಿಹೋಗುವ ಕೆಲಸದ ಫೋಟೋ ಕೇಳಿ. ಗೋಡೆಯೊಳಗಿನ ಪೈಪು ಮತ್ತು ವಯರ್ ಅಳತೆಯ ಟೇಪು ಹಿಡಿದು, ಪ್ಲೈವುಡ್ಡಿನ ಐಎಸ್‌ಐ ಗುರುತು ಲ್ಯಾಮಿನೇಟ್ ಅಂಟಿಸುವ ಮೊದಲು, ಹಿಂಜಿನ ಪೊಟ್ಟಣ ಒಡೆಯುವ ಮೊದಲು. ಊರಿನಲ್ಲಿ ಯಾರಾದರೂ ಪರಿಚಯದ ಇಂಜಿನಿಯರ್ ಇದ್ದರೆ ಸಾಮಾನು ಬಂದ ದಿನ ಒಮ್ಮೆ ಹೋಗಿಬರಲಿ, ಅದಕ್ಕೆ ಫೀಸ್ ಕೊಡಿ. ಲಾರಿಯಿಂದ ಇಳಿಸುವ ಕೂಲಿ ಯಾರ ಲೆಕ್ಕ ಅಂತಲೂ ಮೊದಲೇ ಮಾತಾಡಿ, ಮನೆಯಲ್ಲಿ ಹೆಂಗಸರು ಮಾತ್ರ ಇರುವಾಗ ಜಗಳ ಆಗುವುದು ಅಲ್ಲೇ. ಕೆಲಸ ಮಾಡದೆ ಕೇಳುವ ನೋಕ್ಕುಕೂಲಿ ಕೇರಳದಲ್ಲಿ 2018ರಲ್ಲೇ ನಿಷೇಧವಾಗಿದೆ.

ಪ್ರಶ್ನೆ (ಬದಿಯಡ್ಕದ ಸದಸ್ಯೆ):
ಮೇಡಂ, ಅವರ ಹತ್ತಿರ ಮಾತಾಡಿದೆ. ಐಎಸ್ ನಂಬರ್ ಬರೆದುಕೊಡುತ್ತಾರಂತೆ, ಎರಡನೇ ಅಳತೆಗೂ ಒಪ್ಪಿದರು. ಕೊನೆಯ 10% ಉಳಿಸಿಕೊಳ್ಳುವುದು ಮಾತ್ರ ಕಂಪನಿ ನಿಯಮದಲ್ಲಿ ಇಲ್ಲವಂತೆ.

ಉತ್ತರ:
ಹಾಗಾದರೆ 5% ಕೇಳಿ. ಅದಕ್ಕೂ ಇಲ್ಲ ಅಂದರೆ ಈಗ ಅಡುಗೆಮನೆ ಮಾತ್ರ ಕೊಡಿ, ವಾರ್ಡ್‌ರೋಬ್ ಮತ್ತು ಟಿವಿ ಯೂನಿಟ್ ಬೇರೆ ಕರಾರು ಮಾಡಿ. ಮೊದಲನೆಯದರ ಫಿಟ್ಟಿಂಗ್ ಸರಿಯಾದರೆ ಎರಡನೆಯದರ ಅಡ್ವಾನ್ಸ್ ಅಂತ ಹೇಳಿ. ಮದುವೆಗೆ ಬರುವವರು ವಾರ್ಡ್‌ರೋಬ್ ತೆರೆದು ನೋಡುವುದಿಲ್ಲ.