ಗಾರ್ಮೆಂಟ್ಸ್‌ನಲ್ಲಿ ಸಂಬಳ ಏರಿಸಿ ಅಂತ ಕೇಳಿದವರು ಅನುಭವ ಹೇಳಿ

ಪ್ರಶ್ನೆ: ನನ್ನ ತಂಗಿ ಮದ್ದೂರು ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ವರ್ಷಗಟ್ಟಲೆ ಸರ್ವಿಸ್ ಇದ್ದರೂ ಮೊನ್ನೆ ಸೇರಿದವರಿಗಿಂತ ನೂರಿನ್ನೂರು ರೂಪಾಯಿ ಜಾಸ್ತಿ ಬಂದರೆ ಹೆಚ್ಚು. ಲೈನಿನ ಹೆಂಗಸರೆಲ್ಲ ಸೇರಿ ಕೇಳೋಣ ಅಂತಿದ್ದಾರೆ. ಆಫೀಸಿನವರದು ಒಂದೇ ಮಾತು: ಕನಿಷ್ಠ ವೇತನ ಕೊಡ್ತಿದ್ದೀವಲ್ಲ. ನಮ್ಮ ಭಾವ ಬೇರೆ, ಬಂಡವಾಳಶಾಹಿ ಇರೋ ತನಕ ಏನೂ ಬದಲಾಗಲ್ಲ, ಸುಮ್ಮನಿರಿ ಅಂತಾರೆ. ಗೆದ್ದವರು, ಸೋತವರು ಇಬ್ಬರೂ ಹೇಳಿ.

ಬೊಮ್ಮನಹಳ್ಳಿಯ ಟೈಲರ್: ನಾನು 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆಗೆ ಇಳಿದವಳು. ಪಿ.ಎಫ್.ನಲ್ಲಿ ಮಾಲೀಕರ ಪಾಲನ್ನ 58 ವರ್ಷ ಆಗೋವರೆಗೂ ಮುಟ್ಟೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. 58ರವರೆಗೆ ಈ ಕೆಲಸದಲ್ಲಿ ಉಳಿಯೋರು ಯಾರು? ಸೊಂಟ, ಕಣ್ಣು ಅದಕ್ಕೆ ಮೊದಲೇ ಹೋಗಿರುತ್ತೆ. ಕೆಲಸ ಬಿಟ್ಟಾಗ ಕೈಗೆ ಬರೋ ಆ ದುಡ್ಡಲ್ಲೇ ಮಗಳ ಮದುವೆ, ಊರಿನ ಸಾಲ. ಯಾವ ಲೀಡರೂ ಕರೀಲಿಲ್ಲ, ಮೆಷಿನ್ ನಿಲ್ಲಿಸಿ ಹೊರಗೆ ಬಂದ್ವಿ. ಲಾಠಿ ಏಟು ಬಿತ್ತು, ಅಶ್ರುವಾಯು ಬಿಟ್ಟರು. ಎರಡನೇ ದಿನ, 19ನೇ ತಾರೀಕು, ನಿಯಮ ವಾಪಸ್. ಕೇಳಿದರೆ ಏನೂ ಆಗಲ್ಲ ಅನ್ನೋ ಮಾತನ್ನ ಅವತ್ತಿಂದ ನಾನು ನಂಬಲ್ಲ. ಆದರೆ ನಮ್ಮ ಫ್ಯಾಕ್ಟರೀಲಿ ಆಮೇಲೆ ಒಟ್ಟಾಗಿ ಕೂತು ಸಂಬಳದ ಮಾತೆತ್ತೋಕೆ ಒಂದು ಸಂಘ ಇರಲಿಲ್ಲ. ಪಿ.ಎಫ್. ಉಳೀತು, ಸಂಬಳ ಇದ್ದಲ್ಲೇ ಇತ್ತು.

ಪೀಣ್ಯದಿಂದ: ನಮ್ಮದು ಡಿ.ಎ. ಕಥೆ, ಅಂದರೆ ಬೆಲೆ ಏರಿದ ಹಾಗೆ ಕನಿಷ್ಠ ವೇತನಕ್ಕೆ ಸೇರೋ ತುಟ್ಟಿಭತ್ಯೆ. 2020ರ ಏಪ್ರಿಲ್‌ಗೆ ಏರಬೇಕಿದ್ದದ್ದು ದಿನಕ್ಕೆ 16 ರೂಪಾಯಿ 5 ಪೈಸೆ, ತಿಂಗಳಿಗೆ ಸುಮಾರು 417. ಕೊರೊನಾ ಅಂತ ಸರ್ಕಾರ ಮುಂದೂಡಿತು. ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟ ಮೇಲೂ ನಮ್ಮಲ್ಲಿ ಕೊಡಲಿಲ್ಲ. ಬಾಕಿ ಕೈಗೆ ಬಂದದ್ದು 2022ರಲ್ಲಿ. ಇಲ್ಲಿ ಯೂನಿಯನ್‌ಗಳು ಬಿಡದೆ ಹಿಂದೆ ಬಿದ್ದವು, ಅತ್ತ ವರ್ಕರ್ ರೈಟ್ಸ್ ಕನ್ಸಾರ್ಟಿಯಮ್ ಅನ್ನೋ ಅಮೆರಿಕದ ಕಾರ್ಮಿಕ ಹಕ್ಕು ಸಂಸ್ಥೆ, ಬಟ್ಟೆ ಕೊಳ್ಳೋ ಬ್ರ್ಯಾಂಡ್‌ಗಳನ್ನೇ ಹಿಡಿದು ಕೇಳಿತು. ಅದಕ್ಕೇ ಹೇಳೋದು: ನೀವು ಹೊಲಿಯೋ ಪೀಸಿನ ಲೇಬಲ್ ಯಾವುದು ಅಂತ ಬರೆದಿಟ್ಟುಕೊಳ್ಳಿ. ಸಂಬಳ ಚೀಟಿ ಒಂದನ್ನೂ ಬಿಸಾಡಬೇಡಿ.

ಮರ್ಚಂಡೈಸರ್ ಆಗಿದ್ದವನು: ಬ್ರ್ಯಾಂಡ್‌ಗಳ ಜೊತೆ ಆರ್ಡರ್, ದರದ ಮಾತು ನಮ್ಮ ಕೆಲಸ. ಬಯರ್, ಅಂದರೆ ಬಟ್ಟೆ ಕೊಳ್ಳೋ ಬ್ರ್ಯಾಂಡ್, ದರ ಇಳಿಸು ಅಂದಾಗ ಬಟ್ಟೆ, ಗುಂಡಿ, ಜಿಪ್ ಯಾವುದೂ ಅಗ್ಗಕ್ಕೆ ಸಿಗಲ್ಲ. ಹಿಂಡೋಕೆ ಉಳಿಯೋದು ಹೊಲಿಗೆಯ ನಿಮಿಷ ಮಾತ್ರ. ಟಾರ್ಗೆಟ್ ಏರೋದು ಅಲ್ಲಿಂದ. ಮಾಲೀಕರು ಕಷ್ಟ ಅನ್ನೋದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಕನಿಷ್ಠ ವೇತನ ಎಲ್ಲ ಕಡೆ ಒಟ್ಟಿಗೆ ಏರಿದರೆ ಪಕ್ಕದವನು ಅಗ್ಗಕ್ಕೆ ಕೊಡ್ತಾನೆ ಅನ್ನೋ ನೆಪ ಉಳಿಯಲ್ಲ. ನಿಮ್ಮ ಕಡೆ ಫ್ಯಾಕ್ಟರಿ ಬಂದಿರೋದಕ್ಕೆ ಬೆಂಗಳೂರು ವಲಯಕ್ಕಿಂತ ಕಮ್ಮಿ ವೇತನ ದರವೂ ಒಂದು ಕಾರಣ.

ಕಾರ್ಮಿಕ ವಕೀಲೆ: 'ಕನಿಷ್ಠ ಕೊಡ್ತಿದ್ದೀವಲ್ಲ' ಅನ್ನುವವರಿಗೆ ಲೆಕ್ಕ ತೋರಿಸಿ. ಸರ್ಕಾರ, ಮಾಲೀಕರು, ಕಾರ್ಮಿಕರು ಒಟ್ಟಿಗೆ ಕೂತ 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಅಳತೆ ಹಾಕಿಕೊಟ್ಟಿದೆ: ಮೂರು ಘಟಕಗಳ ಕುಟುಂಬ, ಒಂದೊಂದಕ್ಕೆ 2700 ಕ್ಯಾಲೊರಿ ಊಟ, ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ–ದೀಪ ಇತ್ಯಾದಿಗೆ ಒಟ್ಟು ಕನಿಷ್ಠ ವೇತನದ ಶೇ. 20. ರೆಪ್ಟಾಕೋಸ್ ಬ್ರೆಟ್ ಅನ್ನುವ ಕಂಪನಿಯ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪಿನ ಖರ್ಚಿಗೆಂದು ಇನ್ನೂ ಶೇ. 25 ಸೇರಿಸಿತು. ಆ 1957ರ ಅಳತೆಯಲ್ಲಿ ದುಡಿಯುವವನು ಒಂದು ಘಟಕ, ಹೆಂಡತಿ 0.8, ಎರಡು ಮಕ್ಕಳು ತಲಾ 0.6. ಅತ್ತೆ–ಮಾವ, ಅಪ್ಪ–ಅಮ್ಮ ಲೆಕ್ಕಕ್ಕೇ ಇಲ್ಲ. ದುಡಿದು ಮನೆ ನಡೆಸುವ ಹೆಂಗಸು ಅವರ ಕಣ್ಣಿಗೇ ಬಿದ್ದಿರಲಿಲ್ಲ. ಹಾಗಿದ್ದೂ ಇವತ್ತಿನ ಸಂತೆ ದರ ಹಾಕಿ ಕೂಡಿಸಿ, ಬರುವ ಮೊತ್ತ ನಿಮ್ಮ ಚೀಟಿಯಲ್ಲಿ ಇರುವುದಿಲ್ಲ. ಅಕ್ಕಿಗೆ ಅಂಗಡಿ ದರವನ್ನೇ ಹಾಕಿ. ಸೊಸೈಟಿ ಅಕ್ಕಿ ಸರ್ಕಾರ ನಿಮ್ಮ ಮಕ್ಕಳಿಗೆ ಕೊಟ್ಟದ್ದು, ಫ್ಯಾಕ್ಟರಿಗೆ ಕೊಟ್ಟದ್ದಲ್ಲ.

ದೂರವಾಣಿ ನಗರದಲ್ಲಿ ಬೆಳೆದವನು: ಭಾವನಿಗೆ ನನ್ನ ಮಾತು. ನಮ್ಮಪ್ಪ ಇಲ್ಲಿನ ಸರ್ಕಾರಿ ಟೆಲಿಫೋನ್ ಕಾರ್ಖಾನೆ ಐಟಿಐನಲ್ಲಿ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಮಿಕ. 1980–81ರಲ್ಲಿ ಬೆಂಗಳೂರಿನ ಸಾರ್ವಜನಿಕ ಕಾರ್ಖಾನೆಗಳವರು 77 ದಿನ ಮುಷ್ಕರ ಹೂಡಿದಾಗ ಅವರೂ ಇದ್ದರು. ಅಂದುಕೊಂಡದ್ದು ಸಿಗಲಿಲ್ಲ. ಆದರೂ ಯೂನಿಯನ್ ಗಟ್ಟಿ ಇದ್ದ ಆ ಸಂಬಳದಲ್ಲೇ ನಾವು ಓದಿದೆವು, ಮನೆ ಕಟ್ಟಿದೆವು. ಸರ್ಕಾರದ ಕಾರ್ಖಾನೆ ಬೇರೆ, ಖಾಸಗಿ ಬೇರೆ ಅನ್ನಬಹುದು, ಒಪ್ಪುತ್ತೇನೆ. 2022–23ಕ್ಕೆ ದೇಶದ ಸಂಪತ್ತಿನಲ್ಲಿ ಮೇಲಿನ ಶೇ. 1ರಷ್ಟು ಜನರ ಪಾಲು ಶೇ. 40 ಮುಟ್ಟಿತ್ತು ಅಂತ ಅಸಮಾನತೆಯ ಅಧ್ಯಯನ ಮಾಡುವ ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್‌ನವರ ಲೆಕ್ಕ. ಅಷ್ಟನ್ನೂ ಒಂದು ಫ್ಯಾಕ್ಟರಿ ಲೈನ್ ಸರಿ ಮಾಡಲಾರದು. ಈ ವ್ಯವಸ್ಥೆ ಪೂರ್ತಿ ತಿದ್ದುತ್ತದೋ ಇಲ್ಲವೋ ಅನ್ನೋ ವಾದ ಮುಗಿಯೋವರೆಗೆ ನಿಮ್ಮ ತಂಗಿ ಯಾಕೆ ಕಾಯಬೇಕು?

ಪ್ರಶ್ನೆ ಕೇಳಿದವರು: ಎಲ್ಲರಿಗೂ ನಮಸ್ಕಾರ. ಮುಂದೆ ನಿಂತವಳನ್ನ ಮೊದಲು ಕೆಲಸದಿಂದ ತೆಗೀತಾರೆ ಅನ್ನೋದೇ ಲೈನಿನ ಹೆಂಗಸರ ಭಯ.

ಬೊಮ್ಮನಹಳ್ಳಿಯ ಟೈಲರ್: ಅರ್ಜಿ ಒಬ್ಬಳ ಹೆಸರಲ್ಲಿ ಬೇಡ. ಸಹಿಗಳನ್ನ ದುಂಡಗೆ ಹಾಕಿಸಿ, ಮೊದಲು ಯಾರು ಹಾಕಿದ್ದು ಅಂತ ಗೊತ್ತಾಗಬಾರದು. ಒಂದು ಪ್ರತಿ ಲೇಬರ್ ಆಫೀಸಿಗೆ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ. ಆಮೇಲೆ ಎಚ್.ಆರ್. ಕರೆದರೆ ಒಬ್ಬೊಬ್ಬರೇ ಒಳಗೆ ಹೋಗಬೇಡಿ.